ಮೇಸ್ತ್ರಿ ಎಂದು ಹೇಳಿದವನು

ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಗಂಜಾಂ ದಾರಿಯಲ್ಲಿದ್ದ ಫಿರಂಗಿ ಗಾಡಿಗಳ ಕಾರ್ಖಾನೆಯಲ್ಲಿ ಯಾರೂ ತನ್ನನ್ನು ತಾನೇ ಮೇಸ್ತ್ರಿ ಅಂದುಕೊಳ್ಳುವಂತಿರಲಿಲ್ಲ. ಯಾವ ಕಾಲದಲ್ಲಿ ಯಾರು ಮಾಡಿದ ಕಟ್ಟಳೆಯೋ ಯಾರಿಗೂ ಗೊತ್ತಿಲ್ಲ. ಆಚಾರಿಗಳು ಮಾತ್ರ ಅದನ್ನು ಬಲು ಜೋಪಾನವಾಗಿ ನಡೆಸಿಕೊಂಡು ಬಂದಿದ್ದರು. ಹೊರಗಿನವರು ಯಾರಾದರೂ ಬಂದು ಇಲ್ಲಿ ಮೇಸ್ತ್ರಿ ಯಾರು ಎಂದು ಕೇಳಿದರೆ, ನಿಜವಾದ ಮೇಸ್ತ್ರಿಯಾದವನು ತಲೆ ಬಗ್ಗಿಸಿಕೊಂಡು, "ನಾನು ಕೂಲಿ ಆಳು ಕಣಪ್ಪ, ಯೋಳಿದ್ದು ಮಾಡ್ಕಂಡಿವ್ನಿ" ಅನ್ನಬೇಕು. ಆಗ ಅವನ ಕೈಕೆಳಗೆ ಕಲಿತವನು ಎದ್ದು ನಿಂತು, "ಅವರ ಮಾತ್ ಕೇಳ್ಬ್ಯಾಡಿ, ಅವರೇ ನಮ್ಮ ಮೇಸ್ತ್ರಿ" ಅನ್ನಬೇಕು. ಮೇಸ್ತ್ರಿ ಬೇಡ ಬೇಡ ಎಂದು ತಲೆಯಾಡಿಸಬೇಕು. ಕಲಿತವನು ಬಿಡದೆ ಅವರ ಕೈಯಿಂದ ಆದ ಕೆಲಸಗಳನ್ನೆಲ್ಲ ಒಂದೊಂದಾಗಿ ಹೊಗಳಬೇಕು. ಇಷ್ಟಾದ ಮೇಲೆಯೇ ಬಂದವನಿಗೆ ಕೂರಲು ಮಣೆ.

ಆಟದಂತೆ ಕಾಣುತ್ತದೆ, ಆದರೆ ಆಟವಲ್ಲ. ಹಿಂದೊಮ್ಮೆ ಮುದುಕ ಮಾದಯ್ಯಾಚಾರಿ ಹೀಗೆ ತಲೆ ಬಗ್ಗಿಸಿ ಕೂತಾಗ ಅವನ ಶಿಷ್ಯನ ಬಾಯಿ ತುಂಬ ಹೊಗೆಸೊಪ್ಪಿತ್ತು. ಉಗುಳಿ ಬರೋಣವೆಂದು ಬೇಲಿಯ ಹತ್ತಿರ ಹೋಗಿದ್ದ. ಅವನು ಉಗುಳಿ ಬರುವಷ್ಟರಲ್ಲಿ ಬಂದಿದ್ದ ಗೌಡ, ಇಲ್ಲಿ ಮೇಸ್ತ್ರಿಯೇ ಇಲ್ಲವೆಂದು ತಿಳಿದು ಎದ್ದು ಹೋಗಿದ್ದ. ಮಾದಯ್ಯಾಚಾರಿ ಅಲ್ಲಿಂದಲೇ ಎದ್ದ. ಉಳಿ, ಬಾಚಿ, ಕೊಡತಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ನಾಗಮಂಗಲದ ಮಗಳ ಮನೆಗೆ ಹೊರಟವನು ಮೂರು ತಿಂಗಳು ಇತ್ತ ತಲೆ ಹಾಕಲಿಲ್ಲ. ಕಡೆಗೆ ಆ ಶಿಷ್ಯ ಅಲ್ಲಿಗೇ ಹೋಗಿ ಕಾಲು ಹಿಡಿದು ಕರೆತರಬೇಕಾಯಿತು.

ಅದೇ ಕಾರ್ಖಾನೆಯ ಚಿಕ್ಕಸ್ವಾಮಿ ಈ ವಿಷಯದಲ್ಲಿ ಒಂದು ದಿನವೂ ತಪ್ಪಿದವನಲ್ಲ. ಒಂದು ದಿನ ತಪ್ಪಿದ್ದರೆ ಚೆನ್ನಾಗಿತ್ತು.

ಅವನ ಮೇಸ್ತ್ರಿ ನಮ್ಮವನಲ್ಲ. ಹೆಸರು ಮತೇವೊ. ಸ್ಪೇನು ಎಂಬ ದೇಶದ ಬಡಗಿ. ಇಂಗ್ಲಿಷರ ಹಡಗಿನಲ್ಲಿ ಮರಗೆಲಸಕ್ಕೆ ಸೇರಿಕೊಂಡಿದ್ದ. ಸಮುದ್ರದ ಮೇಲೆ ಫ್ರೆಂಚರು ಆ ಹಡಗನ್ನು ಹಿಡಿದು, ಅದರಲ್ಲಿದ್ದವರನ್ನೆಲ್ಲ ಮೈಸೂರಿನ ದಂಡಿಗೆ ಒಪ್ಪಿಸಿದರು. ಕಾಲಿಗೆ ಬೇಡಿ ಹಾಕಿಸಿಕೊಂಡು ಘಟ್ಟ ಹತ್ತಿ ಬಂದ ಆ ಗುಂಪಿನಲ್ಲಿ ಅರ್ಧ ಜನ ದಾರಿಯಲ್ಲೇ ಸತ್ತರಂತೆ. ಉಳಿದವರಲ್ಲಿ ಯಾರಿಗೆ ಯಾವ ಕಸುಬು ಬರುತ್ತದೆ ಎಂದು ವಿಚಾರಿಸಿದಾಗ ಇವನು ಕೈಯಲ್ಲೇ ಗರಗಸ ಎಳೆಯುವ ಹಾಗೆ ಮಾಡಿ ತೋರಿಸಿದ. ಅವತ್ತೇ ಅವನನ್ನು ಕಾರ್ಖಾನೆಗೆ ತಂದು ಬಿಟ್ಟರು.

ಎರಡು ವರ್ಷಕ್ಕೆ ಇಂಗ್ಲಿಷರಿಗೂ ಮೈಸೂರಿಗೂ ರಾಜಿಯಾಗಿ, ಸೆರೆಯವರನ್ನೆಲ್ಲ ಬಿಡುಗಡೆ ಮಾಡುತ್ತಾರೆ ಎಂದು ಡಂಗುರವಾಯಿತು. ಮತೇವೊ ತನ್ನ ಹರಕು ಅಂಗಿ ಒಗೆದು ಒಣಹಾಕಿಕೊಂಡು ಕಾದ. ಕೈಯಲ್ಲಿ ಕಸುಬಿದ್ದವರನ್ನು ಬಿಡಲು ಅರಮನೆಗೆ ಮನಸ್ಸಿರಲಿಲ್ಲ. ಇವನನ್ನೂ ಇನ್ನು ನಾಕಾರು ಜನರನ್ನೂ, ಈಗಿನವರು ಪಾಂಡವಪುರ ಅನ್ನುವ ಹಿರೋಡೆಯ ಕಡೆಗೆ ಸದ್ದಿಲ್ಲದೆ ಸಾಗಿಸಿದರು. ಬಿಡುಗಡೆಯ ಪಟ್ಟಿ ಓದಿ ಮುಗಿಸಿ, ಇಂಗ್ಲಿಷರು ತಮ್ಮವರನ್ನು ಎಣಿಸಿಕೊಂಡು ಹೊರಟುಹೋದ ಮೇಲೆ ವಾಪಸು ತಂದರು. ಎಂಟು ವರ್ಷದ ಮೇಲೆ ಮತ್ತೆ ಯುದ್ಧ, ಮತ್ತೆ ರಾಜಿ. ಆ ಸಲ ಮೇಲುಕೋಟೆ ಬೆಟ್ಟದ ತಪ್ಪಲಲ್ಲಿ ಬಚ್ಚಿಟ್ಟರು. ಆಮೇಲೆ ಮತ್ತೆ ಕಾರ್ಖಾನೆಗೇ ತಂದರು.

ಕಾರ್ಖಾನೆಯಲ್ಲಿ ಆಗಲೇ ಒಬ್ಬ ಮಾದಯ್ಯ ಇದ್ದನಲ್ಲ, ಮತೇವೊ ಅನ್ನುವುದು ಯಾರ ನಾಲಿಗೆಗೂ ಹತ್ತದೆ, ಇವನು ಚಿಕ್ಕಮಾದಯ್ಯ ಆದ. ಮಾದಯ್ಯಾಚಾರಿಗಿಂತ ಒಂದು ಮೊಳ ಎತ್ತರವಿದ್ದ ಆಸಾಮಿಗೆ ಚಿಕ್ಕಮಾದಯ್ಯ ಅಂತ ಹೆಸರು. ನಮ್ಮ ಜನ ಹೆಸರಿಡುವುದರಲ್ಲಿ ಯಾವತ್ತೂ ಹಿಂದೆ ಬಿದ್ದವರಲ್ಲ.

ಗರಗಸದ ಗುಂಡಿಯಲ್ಲಿ ಅವನಿಗೆ ಜೊತೆಯಾಗಿ ಹಾಕಿದ್ದು ಇಪ್ಪತ್ತರ ಹುಡುಗ ಚಿಕ್ಕಸ್ವಾಮಿಯನ್ನು. ಅತ್ತಿಕುಪ್ಪೆಯಿಂದ, ಅಂದರೆ ಈಗಿನ ಕೃಷ್ಣರಾಜಪೇಟೆ ಕಡೆಯಿಂದ ಬಂದ ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಹಾಕುತ್ತಿದ್ದರು. ಒಬ್ಬ ಮೇಲೆ ನಿಂತು ಗೆರೆ ನೋಡಿಕೊಂಡು ಎಳೆಯಬೇಕು, ಇನ್ನೊಬ್ಬ ಗುಂಡಿಯೊಳಗೆ ನಿಂತು ಕೆಳಕ್ಕೆ ಜಗ್ಗಬೇಕು. ಕೆಳಗಿನವನ ಕಣ್ಣು, ಮೂಗು, ಬಾಯಿ ತುಂಬ ಮರದ ಪುಡಿ. ಕಾಲಲ್ಲಿ ಬೇಡಿಯಿದ್ದ ಸೆರೆಯಾಳು ಕೆಳಗೆ ನಿಲ್ಲಬೇಕೆಂದು ಕಾವಲುಗಾರನ ಅಪ್ಪಣೆ. ಒಂದು ವಾರ ಹಾಗೆ ನಡೆಯಿತು. ಆಮೇಲೆ ಗರಗಸ ಗೆರೆ ತಪ್ಪಿ ಓಡುತ್ತಿರುವುದು ಮೇಲಿದ್ದ ತನ್ನಿಂದಲೇ ಹೊರತು ಕೆಳಗಿನವನಿಂದ ಅಲ್ಲ ಎಂದು ಚಿಕ್ಕಸ್ವಾಮಿಗೆ ಹೊಳೆಯಿತು. ಅವನೇ ಗುಂಡಿಗೆ ಇಳಿದ. "ನೀನ್ ಮ್ಯಾಕ್ ಓಗು" ಎಂದು ಕೈಸನ್ನೆ ಮಾಡಿದ. ಕಾವಲುಗಾರ ಬೈದ, ಇವನು ಬೈಸಿಕೊಂಡ.

ಅಲ್ಲಿಂದ ಶುರುವಾದದ್ದು. ನಮ್ಮ ಚಕ್ರದ ಅರೆಕಾಲುಗಳು, ಅಂದರೆ ನಡುವಿನಿಂದ ಅಂಚಿಗೆ ಹೋಗುವ ಕಡ್ಡಿಗಳು, ನೆಟ್ಟಗೆ ನಿಲ್ಲುತ್ತವೆ. ಮತೇವೊ ಕೂಡಿಸಿದ ಚಕ್ರದಲ್ಲಿ ಅವು ಹೊರಕ್ಕೆ ಒಂದು ಚೂರು ವಾಲಿಕೊಂಡು, ಚಕ್ರವೇ ಅಗಲವಾದ ತಟ್ಟೆಯ ಹಾಗೆ ತಗ್ಗಾಗಿರುತ್ತಿತ್ತು. ಮೊದಲು ನೋಡಿದವರೆಲ್ಲ ನಕ್ಕರು. ಆ ಚಕ್ರದ ಮೇಲೆ ಫಿರಂಗಿ ಹೇರಿ ಬೆಳಗೊಳದ ಹಳ್ಳಕೊಳ್ಳದಲ್ಲಿ ಎಳೆಸಿದಾಗ ಅದು ಮುರಿಯದೆ ವಾಪಸು ಬಂತು, ನಕ್ಕವರ ಬಾಯಿ ಮುಚ್ಚಿತು. ಆ ವಾಲಿಕೆ ಎಷ್ಟು, ತೂತು ಯಾವ ಓರೆಗೆ ಕೊರೆಯಬೇಕು, ಯಾವ ಜಾಲಿ ಯಾವ ಬಿಸಿಲಿಗೆ ಒಣಗಬೇಕು, ಎಲ್ಲವನ್ನೂ ಚಿಕ್ಕಸ್ವಾಮಿ ಅವನ ಕೈ ನೋಡಿಯೇ ಕಲಿತ. ಬೇಡಿ ಬಿಚ್ಚಿದರು. ಬಿಚ್ಚಿದರೂ ಕಾವೇರಿ ದಾಟುವಂತಿರಲಿಲ್ಲ; ದಾಟಿದರೆ ತಲೆ ಉಳಿಯುತ್ತಿರಲಿಲ್ಲ.

ಮಾದಯ್ಯಾಚಾರಿಗೆ ಕಣ್ಣು ಮಂಜಾದ ವರ್ಷ, ಆಯುಧಪೂಜೆಯ ದಿನ, ಮುದುಕ ಮೇಸ್ತ್ರಿಯ ಗುರುತಾದ ತನ್ನ ಮೊಳಗೋಲನ್ನು ತಂದು ಮತೇವೊನ ಕೈಲಿ ಇಟ್ಟುಬಿಟ್ಟ. ಜನಿವಾರ ಇಲ್ಲದವನಿಗೆ ಹೇಗೆ ಎಂದು ಹಿರಿಯರು ಗೊಣಗಿದರು. "ಚಕ್ರ ಉರುಳೋವಾಗ ಜನಿವಾರ ಕೇಳ್ತದಾ? ನಿಮ್ಮೊಳಗೆ ಯಾವನ್ಗಾದ್ರೂ ಇಂಥ ಕೈ ಇದ್ರೆ ಯೋಳಿ, ಈಗ್ಲೇ ಈಸ್ಕೊಂಡು ಅವ್ನಿಗೇ ಕೊಡ್ತೀನಿ" ಅಂದ ಮಾದಯ್ಯ. ಗೊಣಗಿದವರು ತಮ್ಮ ತಮ್ಮ ಉಳಿಗಳ ಪೂಜೆಗೆ ತಿರುಗಿಕೊಂಡರು.

ಮಾರನೆಯ ದಿನವೇ ಫಜೀತಿ. ಕಾರ್ಖಾನೆಗಳ ಉಸ್ತುವಾರಿಗೆ ಅರಮನೆ ನೇಮಿಸಿದ ಹೊಸ ದರೋಗ ಬಂದು ಇಲ್ಲಿ ಮೇಸ್ತ್ರಿ ಯಾರು ಎಂದು ಕೇಳಿದ. ಮತೇವೊ ಎದೆ ತಟ್ಟಿಕೊಂಡು, "ನಾನು. ಮೇಸ್ತ್ರಿ" ಅಂದುಬಿಟ್ಟ. ಇಡೀ ಕಾರ್ಖಾನೆ ಗೊಳ್ಳೆಂದಿತು. ಮಾದಯ್ಯಾಚಾರಿ ನಾಚಿಕೆಯಿಂದ ಮುಖಕ್ಕೆ ಹೆಗಲ ವಸ್ತ್ರ ಹಾಕಿಕೊಂಡ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಚಿಕ್ಕಸ್ವಾಮಿ ಅವನಿಗೆ ಪದ್ಧತಿಯನ್ನು ತಿಳಿಸಿದ. ಮತೇವೊನಿಗೆ ಅಷ್ಟರಲ್ಲಾಗಲೇ ಕಾರ್ಖಾನೆಯ ಕನ್ನಡ ಚೆನ್ನಾಗಿ ಬರುತ್ತಿತ್ತು.

"ಅಂದ್ರೆ ನಾನು ಸುಳ್ಳು ಯೋಳ್ಬೇಕು, ನೀನು ನಿಜ ಯೋಳ್ಬೇಕು. ಅಷ್ಟೇ ತಾನೆ?"

"ಊಂ. ಅಷ್ಟೇಯ."

"ನೀನು ಯೋಳ್ದಿದ್ರೆ?"

"ನಾನು ಯೋಳ್ದೆ ಇರ್ತೀನಾ? ಎಂಗಾಡ್ತೀರ ನೀವು."

ಮತೇವೊ ಮುದ್ದೆ ಮುರಿಯುತ್ತಾ ಒಳಗೊಳಗೇ ನಗುತ್ತಿದ್ದ. ಯಾಕೆಂದು ಕೇಳಿದ್ದಕ್ಕೆ, ಈ ಮೇಸ್ತ್ರಿ ಅನ್ನುವ ಮಾತು ನಿಮ್ಮದಲ್ಲ ಅಂದ. ನಮ್ಮ ಸೀಮೆಯ ಕಡೆಯಿಂದ ಯಾರೋ ಹಡಗಿನವನು ಕರಾವಳಿಯಲ್ಲಿ ಬಿಟ್ಟು ಹೋದದ್ದು, ಘಟ್ಟ ಹತ್ತಿ ನಿಮ್ಮೂರಿಗೆ ಬಂದುಬಿಟ್ಟಿದೆ, ನನ್ನ ಹಾಗೆಯೇ ಅಂದ. ನಮ್ಮಲ್ಲಿ ಅದಕ್ಕೆ ಮಾಯೆಸ್ತ್ರೊ ಅನ್ನುತ್ತಾರೆ. ಇಂಗ್ಲಿಷರು ಮಾಸ್ಟರ್ ಅನ್ನುತ್ತಾರೆ. ನಮ್ಮಲ್ಲಿ ಸುಮ್ಮನೆ ಯಾರೂ ಹಾಗೆ ಕರೆಸಿಕೊಳ್ಳುವುದಿಲ್ಲ. ಹತ್ತು ವರ್ಷ ಒಬ್ಬರ ಕೈಕೆಳಗೆ ದುಡಿದು, ಹಿರಿಯರು ಕೊಟ್ಟ ಒಂದು ಕೆಲಸವನ್ನು ಒಬ್ಬನೇ ಮಾಡಿ ತೋರಿಸಿ, ಅವರು ಒಪ್ಪಿದ ಮೇಲೆ ಆ ಹೆಸರು. ಮಕ್ಕಳಿಗೆ ಅಕ್ಷರ ಕಲಿಸುವವನಿಗೂ ಅದೇ ಹೆಸರು ಅಂದ.

"ನಿಮ್ಗೆ ಆಯ್ತಾ ಅಲ್ಲಿ?"

"ಇಲ್ಲ. ಆಗೋ ಮುಂಚೇಲೇ ಹಡಗು ಹತ್ಬುಟ್ಟೆ. ಇಲ್ಲೇ ಆಗಿದ್ದು, ನಿನ್ನೆ."

ಅದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಚಿಕ್ಕಸ್ವಾಮಿ ಆ ಎರಡು ಮಾತುಗಳನ್ನೂ ಅಲ್ಲೇ ಬಾಯಿಪಾಠ ಮಾಡಿದ. ಮಾಸ್ಟರ್, ಮಾಯೆಸ್ತ್ರೊ. ಅವನಿಗೆ ಬರುತ್ತಿದ್ದ ಪರದೇಶದ ಮಾತು ಅವೆರಡೇ. ಬಂದ ಆ ಎರಡನ್ನು ಮಾತ್ರ ಅರ್ಥ ಸಮೇತ, ತೂಕ ಸಮೇತ ಕಲಿತಿದ್ದ.

ಅಂದಿನಿಂದ ಒಂಬತ್ತು ವರ್ಷ, ಯಾರೇ ಬಂದು ಕೇಳಲಿ, ಮತೇವೊ ತಲೆ ಬಗ್ಗಿಸಿ ಕೂಲಿ ಆಳು ಅನ್ನುತ್ತಿದ್ದ, ಚಿಕ್ಕಸ್ವಾಮಿ ಎದ್ದು ನಿಂತು ಮೇಸ್ತ್ರಿ ಅನ್ನುತ್ತಿದ್ದ. ಮತೇವೊ ಬೇಡವೆಂದು ತಲೆಯಾಡಿಸುವುದನ್ನಂತೂ ನಮ್ಮವರಿಗಿಂತ ಚೆನ್ನಾಗಿ ಕಲಿತ. ಕಲಿಸಿದವನೇ ಮೆಚ್ಚುವಷ್ಟು.

ಅವನಿಗೊಬ್ಬಳು ಮಗಳಿದ್ದಳು, ಲೂಸಿಯಾ ಅಂತ. ಹಡಗು ಹತ್ತುವಾಗ ಆಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದಳಂತೆ. ಪ್ರತಿ ವರ್ಷ ಸಂಕ್ರಾಂತಿಗೆ ಮುಂಚೆ ಅವಳಿಗೆಂದು ಏನಾದರೊಂದು ಕೆತ್ತುತ್ತಿದ್ದ. ಮೊದಮೊದಲು ಆನೆ, ಕುದುರೆ, ತೊಟ್ಟಿಲು. ಅವಳು ಬೆಳೆಯುತ್ತಿದ್ದಾಳೆ ಎಂಬ ಲೆಕ್ಕದಲ್ಲಿ ಆಮೇಲೆ ಬಾಚಣಿಗೆ, ಕನ್ನಡಿಯ ಚೌಕಟ್ಟು. ಕೆತ್ತಿದ್ದನ್ನೆಲ್ಲ ಚಿಕ್ಕಸ್ವಾಮಿಯ ಮಗಳು ಚೆಲುವಿಗೆ ಕೊಟ್ಟುಬಿಡುತ್ತಿದ್ದ. ಚಿಕ್ಕಸ್ವಾಮಿಯ ಹೆಂಡತಿ ಮೂಗಮ್ಮ ಅವನನ್ನು ಒಳಗೆ ಕರೆಯುವಂತಿರಲಿಲ್ಲ. ಜಗುಲಿಯ ಮೇಲೆ ಎಲೆ ಹಾಕಿ ಬಡಿಸುತ್ತಿದ್ದಳು. ಹೀಗೇ ಒಂದು ಸಲ ಉಣ್ಣುತ್ತಾ, "ಈ ವರ್ಸ ಏನ್ ಮಾಡಾದು ಗೊತ್ತಾಯ್ತಿಲ್ಲ ಕಣವ್ವ. ಈಗ ಅವ್ಳ ಮಗೀಗೇ ಬೇಕೇನೋ ತೊಟ್ಲು" ಅಂದನಂತೆ. ಮೂಗಮ್ಮ ಸಾರು ಬಡಿಸುವ ನೆಪದಲ್ಲಿ ಒಳಕ್ಕೆ ಹೋಗಿ ಅತ್ತಳು. ಅವನಿಗೆ ಬೇಕಾಗಿದ್ದುದು ಒಂದೇ, ಆ ಹುಡುಗಿಯನ್ನು ಒಂದು ಸಲ ನೋಡುವುದು.

ವೈಶಾಖದ ಆ ಬಿಸಿಲಲ್ಲಿ ಪಟ್ಟಣ ಬಿತ್ತು. ಕೋಟೆಯ ಗೋಡೆ ಒಡೆದದ್ದು, ಸುಲ್ತಾನರು ಬಿದ್ದದ್ದು, ಮೂರು ದಿನ ಊರಿಗೆ ಊರೇ ಲೂಟಿಯಾದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನೋಡಿದವರು ಅದನ್ನು ಹೇಳುತ್ತಿರಲಿಲ್ಲ, ನಾನು ಹೇಳಿ ಏನಾಗಬೇಕು. ಚಿಕ್ಕಸ್ವಾಮಿ ಹೆಂಡತಿ ಮಗಳನ್ನು ಕರೆದುಕೊಂಡು ಬಾಬುರಾಯನಕೊಪ್ಪಲಿನ ಮಾವನ ಮನೆಯಲ್ಲಿ ತಲೆಮರೆಸಿಕೊಂಡಿದ್ದ. ಹತ್ತು ದಿನದ ಮೇಲೆ ಡಂಗುರ ಕೇಳಿಸಿತು. ಕಸುಬಿನವರೆಲ್ಲ ತಮ್ಮ ತಮ್ಮ ಕಾರ್ಖಾನೆಗೆ ಮರಳಬಹುದು, ಪಟ್ಟಣದಲ್ಲಿರುವ ಬಿಳಿಯರು ಚಾವಡಿಗೆ ಬಂದು ಹೆಸರು ಬರೆಸಬೇಕು.

ಮತೇವೊ ಕಾರ್ಖಾನೆಯ ಕಟ್ಟಿಗೆ ರಾಶಿಯ ಹಿಂದೆ ಆ ಹತ್ತೂ ದಿನ ಬದುಕಿದ್ದ. ಚಿಕ್ಕಸ್ವಾಮಿ ಹೋಗಿ ನೋಡಿದಾಗ ಅವನು ಗಡ್ಡ ಬೋಳಿಸಿಕೊಂಡು, ಒಗೆದ ಪಂಚೆ ಉಟ್ಟು ಕೂತಿದ್ದ.

"ಬಂದ್ಯಾ ಸಾಮಿ? ನಡಿ ಓಗವ. ಸೆರೆಗೆ ಸಿಕ್ಕಿದ್ದೋರ್ನೆಲ್ಲ ಹಡಗು ಹತ್ತಿಸಿ ಊರಿಗೆ ಕಳಿಸ್ತಾರಂತೆ. ಗುರುತು ಯೋಳಕ್ಕೆ ಇಲ್ಲಿಯೋನು ಒಬ್ಬ ಬೇಕಂತೆ. ನಿನ್ ಬುಟ್ರೆ ನಂಗ್ಯಾರವ್ರೆ?"

ಹದಿನೇಳು ವರ್ಷ ಕಾದ ಮನುಷ್ಯ. ದಾರಿಯುದ್ದಕ್ಕೂ ಮಗಳ ವಿಷಯ ಬಿಟ್ಟು ಬೇರೆ ಮಾತಿಲ್ಲ. ಚಾವಡಿಯಲ್ಲಿ ಏನು ಕೇಳುತ್ತಾರೆ, ಏನು ಹೇಳಬೇಕು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಸೆರೆಯಾಳನ್ನು ಸೆರೆಯಾಳು ಎಂದು ಗುರುತಿಸುವುದಕ್ಕೆ ಪಾಠ ಬೇಕೆ ಎಂದುಕೊಂಡಿರಬೇಕು ಮತೇವೊ.

ಚಾವಡಿಯ ಮುಂದೆ ಮೇಜು ಹಾಕಿಕೊಂಡು ಕೆಂಪು ಕೋಟಿನ ಅಧಿಕಾರಿ ಕೂತಿದ್ದ. ಎದುರಿಗೆ ದಪ್ಪ ಪುಸ್ತಕ. ಪಕ್ಕದಲ್ಲಿ ಮದರಾಸಿನ ಕಡೆಯ ದುಭಾಷಿ ನಿಂತಿದ್ದ, ಎರಡೂ ಕಡೆಯ ಮಾತನ್ನು ದಾಟಿಸುವುದಕ್ಕೆ. ಬೇಲಿಯ ಆಚೆ ಕಾರ್ಖಾನೆಯವರೂ ಬೀದಿಯವರೂ ನಿಂತು ನೋಡುತ್ತಿದ್ದರು. ಮತೇವೊಗಿಂತ ಮುಂಚೆ ಇಬ್ಬರು ಬಿಳಿಯರ ವಿಚಾರಣೆ ಮುಗಿಯಿತು. ಒಬ್ಬನನ್ನು ಬಿಸಿಲಲ್ಲೇ ಬಿಟ್ಟು ಹೋಗು ಅಂದರು. ಇನ್ನೊಬ್ಬನನ್ನು ನೆರಳಿನಲ್ಲಿದ್ದ ಬೆಂಚಿನ ಮೇಲೆ ಕೂರಿಸಿ ಇಬ್ಬರು ಸಿಪಾಯಿಗಳು ಅಕ್ಕಪಕ್ಕ ನಿಂತರು. ಬೆಂಚು ಸಿಕ್ಕಿದವನು ದೊಡ್ಡ ಮನುಷ್ಯನಿರಬೇಕು ಎಂದುಕೊಂಡ ಚಿಕ್ಕಸ್ವಾಮಿ.

ಅಧಿಕಾರಿ ಮತೇವೊನನ್ನು ಏನೇನೋ ಕೇಳಿದ, ಅವನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಆಮೇಲೆ ದುಭಾಷಿ ಚಿಕ್ಕಸ್ವಾಮಿಯ ಕಡೆಗೆ ತಿರುಗಿದ.

"ಈತ ತಾನು ಸೆರೆಯಾಳು, ಕೂಲಿಯವನು, ಹೇಳಿದ್ದನ್ನು ಮಾಡಿಕೊಂಡಿದ್ದೆ ಅನ್ನುತ್ತಾನೆ. ಹೌದೋ ಅಲ್ಲವೋ, ನೀನು ಕಂಡಿದ್ದನ್ನು ಹೇಳು."

ಚಿಕ್ಕಸ್ವಾಮಿಯ ಎದೆ ಉಬ್ಬಿತು. ಇಷ್ಟು ದೊಡ್ಡವರ ಮುಂದೆಯೂ, ಇಂಥ ಗಾಬರಿಯಲ್ಲೂ ನಮ್ಮ ಮೇಸ್ತ್ರಿ ಮರ್ಯಾದೆ ಮರೆಯಲಿಲ್ಲವಲ್ಲ ಅನ್ನಿಸಿತು. ಅವನು ಎದ್ದು ನಿಂತು ತಲೆಯ ವಸ್ತ್ರ ಸರಿಮಾಡಿಕೊಂಡ. ಮತೇವೊ ಅವನ ಕಡೆ ತಿರುಗಿ, ಬೇಡ ಎನ್ನುವ ಹಾಗೆ ತಲೆಯಾಡಿಸಿದ. ಅದೂ ಪದ್ಧತಿಯೇ.

"ಅವರ ಮಾತ್ ಕೇಳ್ಬ್ಯಾಡಿ ಬುದ್ಧಿ. ಅವರೇ ನಮ್ಮ ಮೇಸ್ತ್ರಿ."

ದುಭಾಷಿ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಸ್ವಾಮಿಗೆ ಅನುಮಾನ ಬಂತು. ಈ ಮನುಷ್ಯ ಅದನ್ನು ಎಷ್ಟು ತೂಕಕ್ಕೆ ದಾಟಿಸುತ್ತಾನೋ ಏನೋ. ಹೇಳಬೇಕಾದವನು ತಾನು, ಇನ್ನೊಬ್ಬರ ಬಾಯಿಗೆ ಯಾಕೆ ಬಿಡಬೇಕು? ಅವನು ಒಂದು ಹೆಜ್ಜೆ ಮುಂದೆ ಬಂದು, ಅಧಿಕಾರಿಯ ಮುಖವನ್ನೇ ನೋಡುತ್ತಾ, ಬಿಡಿಸಿ ಬಿಡಿಸಿ ಹೇಳಿದ.

"ಮಾಸ್ಟರ್."

ಅಧಿಕಾರಿಯ ಲೇಖನಿ ನಿಂತಿತು. ಅರ್ಥವಾಗಿದೆ ಎಂದು ಚಿಕ್ಕಸ್ವಾಮಿಗೆ ಗೊತ್ತಾಯಿತು. ಮೇಸ್ತ್ರಿಯ ಸ್ವಂತ ಭಾಷೆಯಲ್ಲೂ ಇರಲಿ ಎಂದು, "ಮಾಯೆಸ್ತ್ರೊ" ಅಂದ.

ಆಮೇಲೆ ಅವನು ತಡೆಯಲಿಲ್ಲ. ಅವರ ಕೈಕೆಳಗೆ ನಲವತ್ತು ಜನ ಆಚಾರಿಗಳು ದುಡಿಯುತ್ತಾರೆ ಅಂದ. ದಸರೆಯಲ್ಲಿ ಎರಡು ಸಲ ಅರಮನೆಯವರೇ ಕರೆಸಿ ಶಾಲು ಹೊದಿಸಿದ್ದಾರೆ ಅಂದ. ಕೋಟೆಯ ಬುರುಜಿನ ಮೇಲೆ ನೀವು ನೋಡಿದ ಫಿರಂಗಿ ಗಾಡಿಗಳಿವೆಯಲ್ಲ, ಅಷ್ಟೂ ಅವರ ಕೈಯವೇ, ಒಂದಾದರೂ ಅಚ್ಚು ಮುರಿಯಿತೇ ಕೇಳಿ ಅಂದ. ದುಭಾಷಿ ಎಲ್ಲವನ್ನೂ ದಾಟಿಸಿದ. ಅಧಿಕಾರಿ ಎಲ್ಲವನ್ನೂ ಬರೆದುಕೊಂಡ. ತನ್ನ ಮೇಸ್ತ್ರಿಯ ಹೆಸರು ಅಷ್ಟು ದೊಡ್ಡ ಪುಸ್ತಕದಲ್ಲಿ ಪುಟ ತುಂಬ ಬರೆಸಿಕೊಳ್ಳುವುದನ್ನು ನೋಡಿ ಚಿಕ್ಕಸ್ವಾಮಿಗೆ ಹೊಟ್ಟೆ ತುಂಬಿದ ಹಾಗಾಯಿತು. ಮತೇವೊ ಆಮೇಲೆ ತಲೆ ಎತ್ತಲಿಲ್ಲ. ಅವನನ್ನು ಕರೆದೊಯ್ದು ನೆರಳಿನ ಬೆಂಚಿನ ಮೇಲೆ ಕೂರಿಸಿದರು.

ಆ ದಿನ ಚಿಕ್ಕಸ್ವಾಮಿ ಮನೆಗೆ ಬಂದು ಗಡದ್ದಾಗಿ ಉಂಡ. ಉಣ್ಣುತ್ತಾ ಹೆಂಡತಿಗೆ ನಡೆದದ್ದನ್ನೆಲ್ಲ ಎರಡು ಸಲ ಹೇಳಿದ.

ಬೆಳಗ್ಗೆ, ಹಡಗು ಯಾವಾಗ ಎಂದು ವಿಚಾರಿಸಲು ಚಾವಡಿಗೆ ಹೋದಾಗ, ದುಭಾಷಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಕೆಟ್ಟವನಲ್ಲ ಅವನು. ಬೇಲಿಯ ಪಕ್ಕಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದ. "ಯಾವ ಹಡಗು? ಬಲವಂತಕ್ಕೆ ಸಿಕ್ಕಿ ದುಡಿದವರಿಗೆ ಬಿಡುಗಡೆ. ಇಂಗ್ಲಿಷರ ಹಡಗಿನ ಚಾಕರಿಯಲ್ಲಿದ್ದು, ಮನಸಾರೆ ಈ ಕಡೆಯವರ ಕೆಲಸಕ್ಕೆ ನಿಂತವರು ದ್ರೋಹಿಗಳು. ಅವರಿಗೆ ಮದರಾಸಿನಲ್ಲಿ ವಿಚಾರಣೆ, ಅಲ್ಲಿಂದ ಬದುಕಿ ಬಂದವರನ್ನು ನಾನು ಕಾಣೆ. ಬೇಡಿ ಹಾಕಿಸಿಕೊಂಡ ಕೂಲಿಯಾಗಿದ್ದರೆ ಅವನಿವತ್ತು ಊರಿನ ದಾರಿಯಲ್ಲಿರುತ್ತಿದ್ದ. ನಲವತ್ತು ಜನರ ಮೇಲೆ ಮಾಸ್ಟರು, ಶಾಲು, ಸನ್ಮಾನ. ಅವನಿಗೂ ನಿನಗೂ ಏನಯ್ಯಾ ದ್ವೇಷ?"

ಚಿಕ್ಕಸ್ವಾಮಿ ಬೇಲಿಯ ಗೂಟ ಹಿಡಿದುಕೊಂಡ. ಆಮೇಲೆ ಪದ್ಧತಿಯ ವಿಷಯವನ್ನು ಹೇಳತೊಡಗಿದ. ಮೇಸ್ತ್ರಿ ತಾನು ಕೂಲಿ ಅನ್ನಬೇಕು, ಶಿಷ್ಯ ಅಲ್ಲ ಅನ್ನಬೇಕು. ದುಭಾಷಿ ಪೂರ್ತಿ ಕೇಳಿಸಿಕೊಂಡು, ಇದನ್ನು ಆ ಭಾಷೆಯಲ್ಲಿ ಹೇಗೆ ಹೇಳಲಿ, ಹೇಳಿದರೆ ನನ್ನನ್ನೇ ಹುಚ್ಚ ಅನ್ನುತ್ತಾರೆ ಅಂದ. ಕೊನೆಗೆ ಚಿಕ್ಕಸ್ವಾಮಿ ಅವನ ಕಾಲು ಹಿಡಿದ. ಬಿಸಿಲೇರುವ ಹೊತ್ತಿಗೆ, ಸಾಕ್ಷಿ ತನ್ನ ಮಾತು ತಿದ್ದಬೇಕಂತೆ ಎಂದು ಹೇಳಿ ದುಭಾಷಿ ಅಧಿಕಾರಿಯನ್ನು ಇನ್ನೊಂದು ವಿಚಾರಣೆಗೆ ಒಪ್ಪಿಸಿದ.

ಮತೇವೊನನ್ನು ಕರೆತಂದು ನಿಲ್ಲಿಸಿದರು. ಮತ್ತೆ ಕಾಲಿಗೆ ಬೇಡಿ ಬಂದಿತ್ತು. ಬೇಲಿಯ ಆಚೆ ನಿನ್ನೆಗಿಂತ ಹೆಚ್ಚು ಜನ, ಕಾರ್ಖಾನೆಯ ಆಚಾರಿಗಳೆಲ್ಲ ಅಲ್ಲೇ.

ಈ ಮನುಷ್ಯನ ಕಾಲಿಗೆ ಬೇಡಿ ಇತ್ತೇ ಎಂದು ಅಧಿಕಾರಿ ಕೇಳಿಸಿದ.

"ಇತ್ತು ಬುದ್ಧಿ. ಎಲ್ಡು ವರ್ಸ."

ಮತ್ತೆ ಬಿಚ್ಚಿದ್ದು ಯಾಕೆ?

"ಬೇಡಿ ಇದ್ರೆ ಚಕ್ರದ್ ಕೆಲಸಕ್ಕೆ ಬಗ್ಗಕ್ಕಾಯ್ತಿರ್ಲಿಲ್ಲ..." ಎನ್ನುತ್ತಲೇ ನಾಲಿಗೆ ಕಚ್ಚಿಕೊಂಡ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಮರದಲ್ಲಿ ಒಂದು ಕೂದಲೆಳೆ ತಪ್ಪಿದರೂ ತೋರಿಸಿ ಒಪ್ಪಿಕೊಳ್ಳಬೇಕೆಂದು ಕಲಿತವನು, ಅದೂ ಇದೇ ಮೇಸ್ತ್ರಿಯ ಹತ್ತಿರ.

ಹಾಗಾದರೆ ಆ ಗಾಡಿಗಳನ್ನೆಲ್ಲ ಮಾಡಿಸಿದ ಮಾಸ್ಟರ್ ಯಾರು?

ಚಿಕ್ಕಸ್ವಾಮಿ ಒಂದು ಸಲ ಬೇಲಿಯ ಆಚೆ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

"ನಾನು. ನಾನೇ ಮೇಸ್ತ್ರಿ. ಅವನು ನನ್ ಕೆಳಗಿನ ಕೂಲಿ. ಗುಂಡೀಲಿ ನಿಂತು ಗರಗಸ ಜಗ್ತಿದ್ದ. ಅವನ್ಗೇನೂ ಬರಾಕಿಲ್ಲ ಬುದ್ಧಿ. ಒಡ್ದು ಒಡ್ದು ಕೆಲ್ಸ ಮಾಡಿಸ್ತಿದ್ವಿ, ಹಸಿದ್ರೆ ಹಳಸಿದ್ದು ಆಕ್ತಿದ್ವಿ. ಕೂಲಿ ಅವನು."

ಯಾವಾಗಲೂ 'ಅವರು' ಅನ್ನುತ್ತಿದ್ದವನು ಈಗ 'ಅವನು' ಅಂದಿದ್ದ. ಬೇಲಿಯ ಆಚೆ ಯಾರೋ ಥೂ ಅಂದದ್ದು ಕೇಳಿಸಿತು. ಮೇಸ್ತ್ರಿ ಬಿದ್ದ ಮಾರನೆಯ ದಿನವೇ ಅವನ ಜಾಗಕ್ಕೆ ಕೈ ಚಾಚಿದ ಎಂದು ಅವರು ತಿಳಿದರು, ಬಹಳ ಕಾಲ ಹಾಗೆಯೇ ತಿಳಿದಿದ್ದರು. ಚಿಕ್ಕಸ್ವಾಮಿ ಕಣ್ಣು ತೆರೆದಾಗ ಮತೇವೊ ನೆಲ ನೋಡುತ್ತಿದ್ದ. ಅಧಿಕಾರಿ ಅವನನ್ನು ಏನೋ ಕೇಳಿದ. ಅವನು ನೆಲ ನೋಡುತ್ತಲೇ ಹೌದೆಂದ.

ಅಧಿಕಾರಿ ಸ್ವಲ್ಪ ಹೊತ್ತು ಲೇಖನಿಯನ್ನು ಬೆರಳಲ್ಲಿ ತಿರುಗಿಸಿದ. ಅವನ ಮುಖದಲ್ಲಿ ಕೋಪವೇನೂ ಇರಲಿಲ್ಲ. ದುಭಾಷಿ ದಾಟಿಸಿದ.

"ನಿನ್ನೆ ನಮ್ಮ ಭಾಷೆಯಲ್ಲೇ ಮಾಸ್ಟರ್ ಅಂದೆ. ಈತನ ಭಾಷೆಯಲ್ಲೂ ಅಂದೆ. ಆ ಮಾತುಗಳ ಅರ್ಥ ನಿನಗೆ ಗೊತ್ತಿತ್ತೋ?"

"ಗೊತ್ತಿತ್ತು ಬುದ್ಧಿ."

"ಯಾರು ಕಲಿಸಿದ್ದು?"

ಬೇರೆ ಯಾರ ಹೆಸರು ಹೇಳಬಹುದು ಎಂದು ಚಿಕ್ಕಸ್ವಾಮಿ ಹುಡುಕಿದ. ಆ ಎರಡು ಮಾತನ್ನು ಗಂಜಾಂನಲ್ಲಿ ಇನ್ಯಾರು ಕಲಿಸಿಯಾರು? ದುಭಾಷಿ ಅವನ ಮುಖ ನೋಡಿ, ಉತ್ತರಕ್ಕೆ ಕಾಯದೆ, ತಾನೇ ತಲೆ ತಗ್ಗಿಸಿದ. ಅಧಿಕಾರಿ ಪುಸ್ತಕ ಮುಚ್ಚಿದ. ಕೂಲಿಗಳು ಯಾರಿಗೂ ಮಾತು ಕಲಿಸುವುದಿಲ್ಲ ಅಂದನಂತೆ.

ಸಿಪಾಯಿಗಳು ಮತೇವೊನ ತೋಳು ಹಿಡಿದರು. ಚಿಕ್ಕಸ್ವಾಮಿ ಮುಂದಕ್ಕೆ ನುಗ್ಗಿದ, ಬಂದೂಕಿನ ಹಿಡಿಯಿಂದ ಎದೆಗೆ ತಳ್ಳಿದರು, ಕೂತುಬಿಟ್ಟ. ಸಂಜೆಯವರೆಗೆ ಅಲ್ಲೇ ಕೂತಿದ್ದ. ಮೇಸ್ತ್ರಿಯ ಜೊತೆ ಒಂದು ಮಾತು ಆಡಲು ಬಿಡಿ, ಒಂದೇ ಒಂದು ಮಾತು ಎಂದು ಬಂದವರನ್ನೆಲ್ಲ ಬೇಡಿದ. ನಾಳೆ ಬಾ ಅಂದರು. ಮಾರನೆಯ ಬೆಳಗ್ಗೆ ಹೋದಾಗ ಬೆಂಚು ಖಾಲಿಯಿತ್ತು. ಎತ್ತಿನ ಗಾಡಿಗಳು ನಸುಕಿನಲ್ಲೇ ಹೊಳೆ ದಾಟಿದ್ದವು. ದಾಟಿಹೋದ ಗಾಡಿಯ ಹಿಂದೆ ಅವನು ಮಧ್ಯಾಹ್ನದವರೆಗೆ ಓಡಿದ, ಸಿಗಲಿಲ್ಲ.

ಆಷಾಢದಲ್ಲಿ ದುಭಾಷಿ ಮದರಾಸಿನಿಂದ ಮರಳಿ ಬಂದ. ತಾನಾಗಿಯೇ ಮನೆ ಹುಡುಕಿಕೊಂಡು ಬಂದು, ಜಗುಲಿಯ ಮೇಲೆ ಕೂತು ಸುದ್ದಿ ಹೇಳಿದ. ಸಿಪಾಯಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅವರ ಮುಂದೆ ಮತೇವೊನಿಗೆ ಗುಂಡು ಹಾಕಿದರಂತೆ. ಕೊನೆಯಲ್ಲಿ ಏನಾದರೂ ಹೇಳಿದರೇ ಎಂದು ಮೂಗಮ್ಮ ಕೇಳಿದಳು. ತಾನು ಅಲ್ಲಿರಲಿಲ್ಲ ಅಂದ. ಒಂದು ಲೋಟ ಮಜ್ಜಿಗೆ ಕುಡಿದು ಹೊರಟುಹೋದ.

ಚಿಕ್ಕಸ್ವಾಮಿ ಗೋಡೆಗೊರಗಿ ಕೂತಿದ್ದ. ಅಳು ಬರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಮೂಗಮ್ಮ ಪಕ್ಕಕ್ಕೆ ಬಂದು ಕೂತಳು.

"ಅವರ ಜೀವ ಉಳಿಸಕ್ಕೇ ಅಂಗಂದ್ರಿ ಅಂತ ಅವರ್ಗೆ ಗೊತ್ತಿರ್ತದೆ ಬುಡಿ. ಆ ಭಾಸೆ ಈ ಭಾಸೆ ಎಲ್ಡೂ ತಿಳಿದೋರು. ಗೊತ್ತಾಗ್ದೆ ಇದ್ದಾದಾ?"

"ಗೊತ್ತಿರ್ತದೆ."

"ಮತ್ತೆ?"

"ಗೊತ್ತಿರ್ತದೆ ಕಣೆ. ಆದ್ರೆ ಮೊದಲ್ನೇ ದಿನ ನಿಜ ಯೋಳಿ ಅವರ್ನ ಕೊಂದೆ. ಎಲ್ಡ್ನೇ ದಿನ ಸುಳ್ಳು ಯೋಳಿ ಉಳಿಸ್ನಿಲ್ಲ. ನನ್ ಬಾಯಿಂದ ಅವರ ಕಿವಿಗೆ ಬಿದ್ದ ಕಡೇ ಮಾತು ಕೂಲಿ ಅಂತ."

ಮೂಗಮ್ಮ ಎದ್ದು ಹೋಗಿ ಒಲೆ ಹಚ್ಚಿದಳು.